ಜ್ವರಮುಕ್ತನ ಅಗ್ನಿಯೂ ಕರುಳಿನ ಅಣುಜೀವಿಗಳೂ

ಜ್ವರವು ಬಿಡುವುದೊಂದು, ಬಲವು ಬರುವುದೊಂದು. ಇವೆರಡರ ನಡುವೆ ಕೆಲವರಿಗೆ ಒಂದು ವಾರ ಕಳೆದರೆ ಕೆಲವರಿಗೆ ಒಂದು ವರ್ಷವೇ ಕಳೆಯುವುದುಂಟು. ಸಂಸ್ಕೃತದ ವೈದ್ಯಗ್ರಂಥಗಳು ಈ ನಡುಗಾಲದಲ್ಲಿರುವವನನ್ನು ರೋಗಿಯೆಂದಾಗಲಿ ಸ್ವಸ್ಥನೆಂದಾಗಲಿ ಕರೆಯದೆ 'ಜ್ವರಮುಕ್ತ'ನೆಂಬ ಬೇರೊಂದು ಹೆಸರಿನಿಂದ ನಿರ್ದೇಶಿಸಿರುತ್ತವೆ. ಕುಂದಾಪುರದ ಕಡೆಯ ಮನೆಗಳಲ್ಲಿ ಅದೇ ಅಭಿಪ್ರಾಯವನ್ನು ಸುಲಭವಾದ ಮಾತಿನಲ್ಲಿ 'ಜ್ವರವೇನೋ ಬಿಟ್ಟಿತು, ತ್ರಾಣ ಬರಲಿಲ್ಲ' ಎನ್ನುವರು. ಈ ತ್ರಾಣವೆಂಬುದು ಎಲ್ಲಿಂದ ಬರುತ್ತದೆ, ಬಾರದಿದ್ದರೆ ಏತಕ್ಕಾಗಿ ಬರುವುದಿಲ್ಲ ಎಂಬ ಪ್ರಶ್ನೆಯು ಬಹಳ ಹಳೆಯದು. ಅದಕ್ಕೆ ಉತ್ತರವನ್ನು ಹುಡುಕುತ್ತ ಹೋದ ಪಂಡಿತರು, ಶ್ವಾಸಕೋಶದ ಬಾಗಿಲಿನಿಂದ ಹೊರಟು ಕಟ್ಟಕಡೆಗೆ ಕರುಳಿನ ಬಾಗಿಲಿಗೆ ಬಂದು ನಿಂತ ವೃತ್ತಾಂತವು ತಿಳಿಯತಕ್ಕದ್ದಾಗಿದೆ.

ಕ್ರಿ. ಶ. ೨೦೨೦ನೆಯ ಮಾರ್ಚಿ ತಿಂಗಳ ೨೫ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ಮುಂಬಯಿಯ ಹೋಟೆಲುಗಳೂ ಮುಚ್ಚಿದುವು. ಆ ಹೋಟೆಲುಗಳಲ್ಲಿ ಒಲೆಯ ಮುಂದೆ ನಿಂತವರು, ಬಡಿಸಿದವರು, ಗಲ್ಲೆಯ ಮೇಲೆ ಕುಳಿತವರು ಇವರಲ್ಲಿ ಕುಂದಾಪುರ ಬೈಂದೂರುಗಳ ಕಡೆಯವರು ಎಷ್ಟು ಮಂದಿಯೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾದುದಿಲ್ಲ. ಮಾರ್ಚಿಯ ಕೊನೆಯಲ್ಲಿ ಉಡುಪಿ ಜಿಲ್ಲೆಯಲ್ಲಿ ಕಂಡ ಕೊರೋನಾ ರೋಗಿಗಳು ಬೆರಳೆಣಿಕೆಯವರು. ಅವರೂ ಗುಣವಾಗಿ, ಜಿಲ್ಲೆಯು 'ಹಸಿರು ವಲಯ'ವೆನಿಸಿಕೊಂಡು ನೆಮ್ಮದಿಯಿಂದಿತ್ತು. ಮೇ ತಿಂಗಳಲ್ಲಿ ಊರಿಗೆ ಹೊರಟವರ ಬಸ್ಸುಗಳೂ ಕಾರುಗಳೂ ಶಿರೂರಿನ ಗಡಿಯನ್ನು ದಾಟಿ ಬರತೊಡಗಿದುವು. ಬಂದವರನ್ನು ಶಾಲೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಇರಿಸಿ ಪರೀಕ್ಷೆ ಮಾಡಲಾಯಿತು. ಜೂನ್ ೨ರಂದು ರಾಜ್ಯದಲ್ಲಿ ಹೊಸದಾಗಿ ಕಂಡ ೩೮೮ ಮಂದಿಯಲ್ಲಿ ೧೫೦ ಮಂದಿಯೂ, ಜೂನ್ ೫ರಂದು ಕಂಡ ೫೧೫ ಮಂದಿಯಲ್ಲಿ ೨೦೪ ಮಂದಿಯೂ ಉಡುಪಿ ಜಿಲ್ಲೆಯವರೇ ಆಗಿದ್ದರು. ಅವರಲ್ಲಿ ಬಹುಮಂದಿಗೆ ರೋಗದ ಲಕ್ಷಣವೇ ತೋರಲಿಲ್ಲವೆಂಬುದು ಆಗಿನ ಸಮಾಧಾನ. ಮರುವರ್ಷದ ಏಪ್ರಿಲ್ ಮೇ ತಿಂಗಳುಗಳಲ್ಲಿ ಎರಡನೆಯ ಅಲೆಯು ಎದ್ದಾಗ ಆ ಸಮಾಧಾನವೂ ಉಳಿಯಲಿಲ್ಲ.

ಸತ್ತವರ ಲೆಕ್ಕವನ್ನು ಸರಕಾರವು ಬರೆದುಕೊಂಡಿತು; ಗುಣವಾದವರ ಲೆಕ್ಕವನ್ನೂ ಬರೆದುಕೊಂಡಿತು. ಆದರೆ ಗುಣವಾದವರೆಂದು ಬರೆಯಲ್ಪಟ್ಟವರೊಳಗೆ ಗುಣವಾಗದವರು ಅನೇಕರಿದ್ದರು. ಶ್ವಾಸಕೋಶದ ಚಿತ್ರವು ಶುದ್ಧವಾಗಿದೆ, ರಕ್ತಪರೀಕ್ಷೆಯಲ್ಲಿ ದೋಷವಿಲ್ಲ. ಆದರೂ ಬಾವಿಯಿಂದ ಎರಡು ಕೊಡ ನೀರು ಸೇದಿದರೆ ಏದುಸಿರು, ಮಧ್ಯಾಹ್ನದೊಳಗೆ ಮೈಯೆಲ್ಲ ಸೋಲು, ಹೇಳಬೇಕೆಂದಿದ್ದ ಮಾತು ನಾಲಗೆಯ ತುದಿಯಲ್ಲಿಯೇ ಮರೆವು, ಅನ್ನದಲ್ಲಿ ಅರುಚಿ, ಹೊಟ್ಟೆಯಲ್ಲಿ ಉಬ್ಬರ. ಮನೆಯ ಹಿರಿಯರು ಮೊದಮೊದಲು ಕನಿಕರಪಟ್ಟರು. ಮೂರು ತಿಂಗಳಾದ ಮೇಲೆ ಕೆಲವು ಮನೆಗಳಲ್ಲಿ 'ಮೈಗಳ್ಳತನ'ವೆಂಬ ಮಾತೂ ಬಂತು. ದುಡಿದು ಹಣ ಕಳುಹಿಸುತ್ತಿದ್ದ ಮಗನಿಗೆ ಜಗಲಿಯಲ್ಲಿ ಕುಳಿತು ಆ ಮಾತನ್ನು ಕೇಳುವುದು ರೋಗಕ್ಕಿಂತ ಹೆಚ್ಚಿನ ಸಂಕಟವೆಂಬುದರಲ್ಲಿ ಸಂಶಯವೇನು? ೨೦೨೧ನೆಯ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಸ್ಥಿತಿಗೆ ಲಕ್ಷಣವಾಕ್ಯವೊಂದನ್ನು ರಚಿಸಿತು: ರೋಗ ಹಿಡಿದ ಮೂರು ತಿಂಗಳ ಸುಮಾರಿಗೆ ಕಾಣಿಸಿಕೊಂಡು, ಎರಡು ತಿಂಗಳಿಗಾದರೂ ಕಡಿಮೆಯಿಲ್ಲದಂತೆ ಉಳಿದು, ಬೇರೆ ಕಾರಣದಿಂದ ವಿವರಿಸಲಿಕ್ಕಾಗದ ಬಾಧೆಯೇ ಕೊರೋನೋತ್ತರ ಸ್ಥಿತಿ. ಹೆಸರು ಸಿಕ್ಕಿತೆಂಬುದೇ ಜಗಲಿಯಲ್ಲಿ ಕುಳಿತವನಿಗೆ ಅರ್ಧ ಔಷಧ.

ಇನ್ನು ಹಿಂದಕ್ಕೆ ಹೋಗಿ ನೋಡೋಣ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವು ಜ್ವರಕ್ಕೆ ಮೀಸಲಾದುದು. ಅದರಲ್ಲಿ ಮದ್ದಿಗಿಂತ ಮೊದಲು ಹೇಳಲ್ಪಟ್ಟುದು ಲಂಘನ. ಲಂಘನವಾದ ಮೇಲೆ ಗಂಜಿ. ಮೊದಲು ಅರಳಿನಿಂದ ಮಾಡಿ ಹಿಪ್ಪಲಿ ಶುಂಠಿಗಳನ್ನು ಹಾಕಿ ಕಾಯಿಸಿದ ತೆಳುವಾದ ಪೇಯ, ತರುವಾಯ ಹಸಿವು ಕಂಡಂತೆಲ್ಲ ಮಂದವಾದ ಅಂಬಲಿ, ಆ ಮೇಲೆ ಬೇಳೆಯ ಕಟ್ಟಿನೊಡನೆ ಅನ್ನ. ಕಾಳಿಲ್ಲದ ತಿಳಿಗೆ ಮಂಡವೆಂದೂ, ಅಲ್ಲೊಂದು ಇಲ್ಲೊಂದು ಅಗುಳು ಇದ್ದುದಕ್ಕೆ ಪೇಯವೆಂದೂ, ಗಟ್ಟಿಯಾದುದಕ್ಕೆ ವಿಲೇಪಿಯೆಂದೂ ಸಂಜ್ಞೆಗಳನ್ನಿಟ್ಟು, ಎಳೆಯ ಕಿಡಿಗೆ ಹುಲ್ಲು ಕಡ್ಡಿಗಳನ್ನು ಕೊಟ್ಟು ಬೆಂಕಿಯನ್ನು ಬೆಳೆಯಿಸುವಂತೆ ಜಠರಾಗ್ನಿಯನ್ನು ಬೆಳೆಯಿಸಬೇಕೆಂಬುದು ಅಲ್ಲಿಯ ಕ್ರಮ. ಜ್ವರ ಬಿಟ್ಟವನು ಬಲವು ಬರುವವರೆಗೆ ವ್ಯಾಯಾಮವನ್ನೂ ಹೆಚ್ಚಿನ ನಡಿಗೆಯನ್ನೂ ಸ್ನಾನವನ್ನೂ ಸ್ತ್ರೀಸಂಗವನ್ನೂ ಬಿಡತಕ್ಕದ್ದೆಂದು ಹೇಳಿ, ಬಿಡದಿದ್ದರೆ ಜ್ವರವು ತಿರುಗಿ ಬರುವುದೆಂದು ಪುನರಾವರ್ತಕ ಜ್ವರವನ್ನೇ ಪ್ರತ್ಯೇಕವಾಗಿ ವರ್ಣಿಸಿರುವನು. ಎಷ್ಟು ದಿನವೆಂದು ಮಾತ್ರ ಹೇಳಲಿಲ್ಲ.

ಇದಕ್ಕಿಂತಲೂ ವಿಸ್ಮಯಕರವಾದ ಮೂರು ಸ್ಥಳಗಳು ಅದೇ ಗ್ರಂಥದಲ್ಲಿವೆ. ಪ್ರಾಣವಹ ಸ್ರೋತಸ್ಸುಗಳ, ಎಂದರೆ ಉಸಿರಿನ ದಾರಿಗಳ, ಮೂಲವು ಯಾವುದೆಂದು ವಿಮಾನಸ್ಥಾನದಲ್ಲಿ ಹೇಳುವಾಗ ಹೃದಯದೊಡನೆ ಮಹಾಸ್ರೋತಸ್ಸನ್ನು, ಬಾಯಿಂದ ಗುದದವರೆಗಿನ ಅನ್ನಮಾರ್ಗವನ್ನು, ಎಣಿಸಿರುವನು. ಬಿಕ್ಕು ಶ್ವಾಸರೋಗಗಳ ಅಧ್ಯಾಯದಲ್ಲಿ, ಕಫವಾತಗಳಿಂದ ಆಗುವ ಈ ರೋಗಗಳು ಪಿತ್ತಸ್ಥಾನದಲ್ಲಿ ಹುಟ್ಟುವುವೆಂದು ಹೇಳಿರುವನು. ರಾಜಯಕ್ಷ್ಮದ ಅಧ್ಯಾಯದಲ್ಲಂತೂ, ಧಾತುಗಳೆಲ್ಲ ಕ್ಷಯಿಸಿದ ಆ ರೋಗಿಗೆ ಉಳಿದಿರುವ ಬಲವೆಲ್ಲ ಮಲವನ್ನು ಆಶ್ರಯಿಸಿರುವುದರಿಂದ ವೈದ್ಯನು ವಿಶೇಷವಾಗಿ ಮಲವನ್ನೇ ಕಾಪಾಡಬೇಕೆಂದು ವಿಧಿಸಿರುವನು. ಕೆಮ್ಮುತ್ತಿರುವವನ ಮಲವನ್ನು ಕಾಪಾಡಬೇಕೆಂಬ ಮಾತನ್ನು ಕೇಳಿ ನಗದ ವಿದ್ಯಾರ್ಥಿಯು ಯಾವ ಪಾಠಶಾಲೆಯಲ್ಲಿ ಇದ್ದಾನು? ಅನುಭವದಿಂದ ಬಂದ ಮಾತುಗಳು ಹೀಗೆಯೇ. ಕಾರಣವು ತಿಳಿಯುವವರೆಗೆ ನಗೆಗೀಡಾಗಿರುತ್ತವೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯು ಅವಶ್ಯವಾಗಿದೆ. ಈಚಿನ ಕೆಲವು ಉತ್ಸಾಹಿಗಳು, ಕರುಳಿನ ಅಣುಜೀವಿಗಳ ವಿಷಯವೆಲ್ಲ ಚರಕನಿಗೆ ತಿಳಿದಿತ್ತೆಂದು ಭಾಷಣ ಮಾಡುವರು. ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳನ್ನು ಹೇಳುವಾಗ 'ಸಹಜ'ಗಳಾದುವನ್ನು ಹೊರತುಪಡಿಸಿ ಎಂಬ ಮಾತು ಬಂದಿರುವುದೂ, ಸಹಜ ಕ್ರಿಮಿಗಳು ವಿಕಾರವನ್ನು ಮಾಡತಕ್ಕವಲ್ಲವೆಂದು ಚಕ್ರಪಾಣಿದತ್ತನು ವ್ಯಾಖ್ಯಾನ ಬರೆದಿರುವುದೂ ನಿಜ. ದೇಹದೊಡನೆ ಹುಟ್ಟಿ ದೇಹಕ್ಕೆ ಕೇಡನ್ನು ಮಾಡದ ಜೀವಿಗಳಿರಬಹುದೆಂಬ ಭಾವನೆಯು ಅಲ್ಲಿ ಸ್ಪಷ್ಟವಾಗಿದೆ. ಇಷ್ಟೇ ಅಲ್ಲಿರುವುದು. ಭಾವನೆಗೂ ಕಂಡುಹಿಡಿದುದಕ್ಕೂ ನಡುವೆ ಸೂಕ್ಷ್ಮದರ್ಶಕವೆಂಬುದೊಂದು ಇದೆ. ಅದನ್ನು ಮರೆತು ಆಚಾರ್ಯನ ಬಾಯಲ್ಲಿ ಇಲ್ಲದ ಮಾತನ್ನು ಇಡುವುದು ಗೌರವವಲ್ಲ, ಗ್ರಂಥಾಪಚಾರ.

ಆ ಸೂಕ್ಷ್ಮದರ್ಶಕವನ್ನು ತಾನೇ ತಿಕ್ಕಿ ಮಾಡಿಕೊಂಡು ಮೊದಲು ಇಣಿಕಿ ನೋಡಿದವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆಯ ವರ್ತಕ ಲೇವನ್‌ಹುಕ್. ೧೬೮೧ರಲ್ಲಿ ತನ್ನ ಮಲದಲ್ಲಿಯೂ, ೧೬೮೩ರಲ್ಲಿ ತನ್ನ ಹಲ್ಲಿನ ಕಿಟ್ಟದಲ್ಲಿಯೂ ಕಂಡ ಚಿಕ್ಕ ಜೀವಿಗಳ ಸಂಗತಿಯನ್ನು ಅವನು ಲಂಡನಿನ ರಾಯಲ್ ಸೊಸೈಟಿಗೆ ಬರೆದು ತಿಳುಹಿದನು. ತರುವಾಯ ಇನ್ನೂರು ವರ್ಷಗಳವರೆಗೆ ಅದು ಕೌತುಕದ ಸಂಗತಿಯಾಗಿಯೇ ಉಳಿಯಿತು. ೧೮೮೫ರಲ್ಲಿ ಜರ್ಮನಿಯ ಎಶೆರಿಕ್ ಎಂಬ ಶಿಶುವೈದ್ಯನು ಮಕ್ಕಳ ಮಲದಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದನು. ಪಾಠಪುಸ್ತಕಗಳಲ್ಲಿ ಬರುವ ಈ. ಕೋಲಿ ಅದೇ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಟಿಸ್ಸಿಯೇ ಎಂಬವನು ೧೮೯೯ರಲ್ಲಿ ಎದೆಹಾಲುಂಡ ಶಿಶುಗಳ ಕರುಳಿನಲ್ಲಿ ಕವಲೊಡೆದ ಆಕಾರದ ಬಿಫಿಡೋಬ್ಯಾಕ್ಟೀರಿಯಾವನ್ನು ಕಂಡನು. ಹೆಸರು ಉದ್ದವಾಗಿದ್ದರೂ ವಾಚಕರು ಇದನ್ನು ನೆನಪಿನಲ್ಲಿಡಬೇಕು. ನೂರಿಪ್ಪತ್ತು ವರ್ಷಗಳ ತರುವಾಯ ಕೊರೋನೋತ್ತರ ರೋಗಿಯ ಕಥೆಯಲ್ಲಿ ಇದು ಮತ್ತೆ ಬರಲಿಕ್ಕಿದೆ.

ಅದೇ ಸಂಸ್ಥೆಯಲ್ಲಿದ್ದ ರಷ್ಯದ ಪಂಡಿತ ಮೆಚ್ನಿಕಾಫ್ ೧೯೦೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದುದು ರೋಗನಿರೋಧದ ಸಂಶೋಧನೆಗಾಗಿ. ಆದರೆ ಲೋಕದ ಬಾಯಲ್ಲಿ ಅವನ ಹೆಸರು ನಿಂತುದು ಮೊಸರಿನಿಂದ. ಬಲ್ಗೇರಿಯದ ರೈತರು ಹುಳಿಮೊಸರನ್ನು ಉಂಡು ದೀರ್ಘಾಯುಗಳಾಗಿರುವರೆಂದು ಕೇಳಿ, ಆ ಮೊಸರಿನ ಬ್ಯಾಕ್ಟೀರಿಯಾಗಳು ದೊಡ್ಡ ಕರುಳಿನ ಕೊಳೆತವನ್ನು ನಿಲ್ಲಿಸುವುವೆಂದು ಅವನು ವಾದಿಸಿದನು. ಯುರೋಪಿನ ಪಟ್ಟಣಗಳಲ್ಲಿ ಮೊಸರಿನ ಹುಚ್ಚು ಹರಡಿತು. ಊಟದ ಕೊನೆಗೆ ಮಜ್ಜಿಗೆಯಿಲ್ಲದೆ ಕೈ ತೊಳೆಯದ ಜನರಿಗೆ ಇದು ನಗುವ ಸಂಗತಿಯೇ. ಆದರೆ ದೊಡ್ಡ ಕರುಳೇ ನಿಷ್ಪ್ರಯೋಜಕವಾದ ಅವಯವ, ಅದರಲ್ಲಿರುವ ಜೀವಿಗಳೆಲ್ಲ ಶತ್ರುಗಳು ಎಂದು ಮೆಚ್ನಿಕಾಫ್ ನಂಬಿದ್ದನು. ಆ ನಂಬಿಕೆಯು ನಿಲ್ಲಲಿಲ್ಲ. ೧೯೧೭ರಲ್ಲಿ ಜರ್ಮನಿಯ ನಿಸ್ಲೆ ಎಂಬ ವೈದ್ಯನು, ಸುತ್ತಲಿನವರಿಗೆಲ್ಲ ಭೇದಿ ತಗಲಿದರೂ ತಾನು ತಗಲಿಸಿಕೊಳ್ಳದೆ ಉಳಿದ ಒಬ್ಬ ಸೈನಿಕನ ಕರುಳಿನಿಂದಲೇ ರಕ್ಷಕವಾದ ಅಣುಜೀವಿಯನ್ನು ತೆಗೆದು ತೋರಿಸಿದನು. ಕರುಳಿನೊಳಗೆ ಶತ್ರುಗಳಿದ್ದಂತೆ ಕಾವಲುಗಾರರೂ ಇರುವರೆಂಬುದು ಅಲ್ಲಿಂದ ಖಚಿತವಾಯಿತು.

ಇದಾದ ಮರುವರ್ಷವೇ ಇನ್‌ಫ್ಲುಯೆಂಜಾದ ಮಹಾಮಾರಿ. ೧೯೧೮ರ ಜೂನಿನಲ್ಲಿ ಮುಂಬಯಿಯ ಬಂದರಿನಲ್ಲಿ ಇಳಿದ ಆ ಜ್ವರವು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಉಗ್ರರೂಪವನ್ನು ತಾಳಿ ದೇಶವೆಲ್ಲ ಹರಡಿತು. ಹಿಂದೂದೇಶದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷದಿಂದ ಒಂದು ಕೋಟಿ ಎಂಬತ್ತು ಲಕ್ಷದವರೆಗೆಂದು ಚರಿತ್ರಕಾರರು ಎಣಿಸುವರು. ಆ ವರ್ಷ ಮಳೆಯು ಕೈಕೊಟ್ಟು ಬರಗಾಲವೂ ಕೂಡಿತ್ತು. ಮುದುಕರನ್ನೂ ಶಿಶುಗಳನ್ನೂ ಬಿಟ್ಟು ಇಪ್ಪತ್ತರಿಂದ ನಾಲ್ವತ್ತು ವಯಸ್ಸಿನವರನ್ನೇ, ಅದರಲ್ಲಿಯೂ ಹೆಂಗಸರನ್ನೇ, ಅದು ಹೆಚ್ಚಾಗಿ ಕೊಂಡೊಯ್ಯಿತು. ರೋಗಕ್ಕೆ ಫೈಫರನ ಬ್ಯಾಕ್ಟೀರಿಯಾವೇ ಕಾರಣವೆಂದು ಆಗಿನ ವೈದ್ಯರು ನಂಬಿದ್ದರು. ನಿಜವಾದ ಕಾರಣವು ವೈರಸ್ ಎಂಬುದು ೧೯೩೩ರವರೆಗೆ ತಿಳಿಯಲಿಲ್ಲ. ಇನ್‌ಫ್ಲುಯೆಂಜಾದ ಹಿಂದೆ ಬರುವ ನಿಶ್ಶಕ್ತಿ, ಖಿನ್ನತೆ, ನಿದ್ರಾನಾಶಗಳನ್ನು ಪಾಶ್ಚಾತ್ಯ ವೈದ್ಯರು ೧೮೮೯ರ ಮಾರಿಯ ಕಾಲದಿಂದಲೇ ಬರೆದಿಟ್ಟಿದ್ದರು. ಆಗ ಅದನ್ನು ನರಗಳ ದೌರ್ಬಲ್ಯವೆಂದು ಕರೆದು ಕೈತೊಳೆದುಕೊಂಡರು. ಕರುಳನ್ನು ಯಾರೂ ಕೇಳಲಿಲ್ಲ.

ಕೇಳಿದವನೊಬ್ಬನು ಮದರಾಸು ಆಧಿಪತ್ಯದಲ್ಲಿಯೇ ಇದ್ದನು. ಕುಂದಾಪುರವು ಆಗ ಆ ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತೆಂಬುದು ಸರ್ವವಿದಿತ. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯಾಧಿಕಾರಿಯು ೧೯೧೮ರಿಂದ ಆಹಾರದೋಷದ ರೋಗಗಳನ್ನು ಪರೀಕ್ಷಿಸತೊಡಗಿ, ೧೯೨೧ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಸತ್ವಹೀನವಾದ ಅನ್ನವನ್ನು ತಿಂದ ಕೋತಿಗಳ ಕರುಳಿನ ಗೋಡೆಯು ತೆಳುವಾಗಿ ಉರಿಯೂತಗೊಂಡು, ರೋಗಾಣುಗಳಿಗೆ ದಾರಿಯಾಗುವುದೆಂದು ಅವನು ತೋರಿಸಿದನು. ತರುವಾಯ ಹಿಂದೂದೇಶದ ಬೇರೆ ಬೇರೆ ಪ್ರಾಂತಗಳ ಊಟವನ್ನೇ ಇಲಿಗಳಿಗೆ ಉಣಿಸಿ ನೋಡಿದನು. ಪಂಜಾಬಿನ ಸಿಖ್ಖರ ಊಟವನ್ನು, ಎಂದರೆ ಇಡಿಯ ಗೋದಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿಗಳನ್ನು, ತಿಂದ ಇಲಿಗಳು ರೋಗವಿಲ್ಲದೆ ಬೆಳೆದುವು. ಹೀನವಾದ ಊಟದ ಇಲಿಗಳಲ್ಲಿ ಮುಖ್ಯವಾಗಿ ಕಂಡುವು ಎರಡೇ ಬಗೆಯ ರೋಗಗಳು: ಶ್ವಾಸಕೋಶದವು, ಕರುಳಿನವು. ಮದರಾಸಿನ ಅಕ್ಕಿಯ ಊಟವು ಕೆಳಗಣ ಸಾಲಿನಲ್ಲಿ ನಿಂತಿತು. ಗಂಜಿಯ ಪಕ್ಷಪಾತಿಗಳಿಗೆ ಇದು ರುಚಿಸತಕ್ಕ ಸಂಗತಿಯಲ್ಲವಾದರೂ ಮುಚ್ಚಿಡತಕ್ಕದ್ದೂ ಅಲ್ಲ. ಆದರೆ ಅಕ್ಕಿಯೆಲ್ಲ ಒಂದೇ ಅಲ್ಲವೆಂಬುದನ್ನೂ ಅದೇ ಮೆಕ್ಯಾರಿಸನ್ ಕಂಡಿದ್ದನು. ಗಿರಣಿಯಲ್ಲಿ ಹೊಳಪು ಕೊಟ್ಟ ಬೆಳ್ತಿಗೆ ಅಕ್ಕಿಯನ್ನು ಉಣ್ಣುವ ಆಂಧ್ರದ ತೀರದಲ್ಲಿ ಬೆರಿಬೆರಿ ರೋಗವಿತ್ತು, ಕುಚ್ಚಲಕ್ಕಿಯನ್ನು ಉಣ್ಣುವ ಸೀಮೆಗಳಲ್ಲಿ ಇರಲಿಲ್ಲ. ಭತ್ತವನ್ನು ಬೇಯಿಸುವಾಗ ತೌಡಿನ ಸತ್ವವು ಕಾಳಿನ ಒಳಕ್ಕೆ ಇಳಿಯುವುದೇ ಅದಕ್ಕೆ ಕಾರಣ.

ಅನಂತರದ ಕಾಲವು ಪ್ರತಿಜೀವಕಗಳದು. ಪೆನಿಸಿಲಿನ್, ಆರಿಯೋಮೈಸಿನ್ ಮೊದಲಾದುವು ಬಂದ ಮೇಲೆ ಎಷ್ಟೋ ಪ್ರಾಣಗಳು ಉಳಿದುವು. ಅಣುಜೀವಿಯೆಂದರೆ ಕೊಲ್ಲತಕ್ಕದ್ದೆಂಬ ಭಾವನೆಯೂ ಬಲವಾಯಿತು. ಕರುಳಿನಲ್ಲಿರುವವುಗಳಲ್ಲಿ ಬಹುಭಾಗವು ಗಾಳಿ ತಗಲಿದರೆ ಸಾಯತಕ್ಕವಾದುದರಿಂದ ಅವುಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುವುದು ಕಷ್ಟವಾಗಿತ್ತು. ಬೆಳೆಸದೆಯೇ ಅವುಗಳ ಬೀಜಸೂತ್ರವನ್ನು ಓದಿ ಕುಲಗೋತ್ರಗಳನ್ನು ಹೇಳುವ ವಿದ್ಯೆಯು ಬಂದ ಮೇಲೆ, ಎಪ್ಪತ್ತು ಕಿಲೋ ತೂಕದ ಮನುಷ್ಯನಲ್ಲಿ ಸುಮಾರು ೩೮ ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿರುವುವೆಂದು ೨೦೧೬ರಲ್ಲಿ ಲೆಕ್ಕ ಹಾಕಿದರು. ಅವನ ಸ್ವಂತ ಜೀವಕೋಶಗಳ ಸಂಖ್ಯೆಯೂ ಸುಮಾರು ಅಷ್ಟೇ. ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನ ನಿವಾಸಿಗಳು. ಮನುಷ್ಯನು ಅರಗಿಸಲಾರದ ನಾರನ್ನೂ ಪಿಷ್ಟವನ್ನೂ ಅವು ಹುಳಿಯಿಸಿ ಬ್ಯುಟಿರಿಕ್ ಎಂಬ ಆಮ್ಲವನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯವಾದ ಆಹಾರ. ಗೋಡೆಯನ್ನು ಭದ್ರವಾಗಿರಿಸಿ, ದೇಹದ ಕಾವಲುಪಡೆಯು ಅಕಾರಣವಾಗಿ ಕೆರಳದಂತೆ ನೋಡುವುದೂ ಅದರ ಕೆಲಸ. ಈ ಆಮ್ಲಕ್ಕೆ ಬೆಣ್ಣೆಯ ಲ್ಯಾಟಿನ್ ಹೆಸರಿನಿಂದ ಹೆಸರು ಬಂದಿದೆ, ತುಪ್ಪದಲ್ಲಿಯೂ ಅದು ಇದೆ. ಆದರೆ ಉಂಡ ತುಪ್ಪವು ಮೇಲಿನ ಕರುಳಿನಲ್ಲಿಯೇ ಅರಗಿಹೋಗುವುದರಿಂದ ಕೆಳಗಿನ ಕೋಶಗಳಿಗೆ ಅಲ್ಲಿಯೇ ತಯಾರಾದುದೇ ಬೇಕು.

ಕರುಳಿಗೂ ಶ್ವಾಸಕೋಶದ ವೈರಸ್ಸಿಗೂ ಏನು ಸಂಬಂಧ? ೨೦೧೧ರಲ್ಲಿ ಪ್ರತಿಜೀವಕದಿಂದ ಕರುಳಿನ ಜೀವಿಗಳನ್ನು ಅಳಿಸಿದ ಇಲಿಗಳಿಗೆ ಇನ್‌ಫ್ಲುಯೆಂಜಾ ತಗಲಿಸಿದಾಗ, ಅವುಗಳ ಶ್ವಾಸಕೋಶವು ಸರಿಯಾಗಿ ಹೋರಾಡಲಿಲ್ಲ. ೨೦೧೮ರಲ್ಲಿ ನಾರು ಹೆಚ್ಚಾದ ಆಹಾರವನ್ನು ತಿಂದ ಇಲಿಗಳು ಅದೇ ಜ್ವರವನ್ನು ಚೆನ್ನಾಗಿ ತಾಳಿಕೊಂಡುವು. ಇಲಿಗಳ ಸಂಗತಿಯನ್ನು ಬಿಟ್ಟು ಮನುಷ್ಯರದನ್ನು ಹೇಳುವುದಾದರೆ, ಒಡಿಶಾದ ಹಳ್ಳಿಗಳ ೪,೫೫೬ ನವಜಾತ ಶಿಶುಗಳ ಮೇಲೆ ನಡೆದು ೨೦೧೭ರಲ್ಲಿ ಪ್ರಕಟವಾದ ಪ್ರಯೋಗವನ್ನು ಮೊದಲು ಹೇಳಬೇಕು. ಒಂದು ಲ್ಯಾಕ್ಟೋಬ್ಯಾಸಿಲಸ್ ಜೀವಿಯನ್ನೂ ಅದರ ಆಹಾರವಾದ ಸಕ್ಕರೆಯನ್ನೂ ಕೆಲವೇ ದಿನ ಬಾಯಿಗೆ ಹಾಕಿದ ಶಿಶುಗಳಲ್ಲಿ ರಕ್ತನಂಜು ಅಥವಾ ಮರಣವು ನೂರಕ್ಕೆ ೫.೪, ಹಾಕದವುಗಳಲ್ಲಿ ನೂರಕ್ಕೆ ೯. ಹೊಟ್ಟೆಗೆ ಕೊಟ್ಟ ಆ ಮದ್ದಿನಿಂದ ಶ್ವಾಸಕೋಶದ ಸೋಂಕುಗಳೂ ಕಡಿಮೆಯಾದುವು.

೨೦೦೩ರ ಸಾರ್ಸ್ ರೋಗದಲ್ಲಿ ಹಾಂಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿಯ ಮುನ್ನೂರಕ್ಕೂ ಮಿಕ್ಕಿದ ನಿವಾಸಿಗಳಿಗೆ ಮಲದ ಕೊಳವೆಗಳ ಮೂಲಕವೇ ಸೋಂಕು ಹರಡಿದುದನ್ನು ಕಂಡಾಗಲೇ, ಈ ಕುಲದ ವೈರಸ್ಸು ಕರುಳಿನಲ್ಲಿಯೂ ವಾಸಿಸುವುದೆಂಬುದು ಗೊತ್ತಾಗಿತ್ತು. ಕೊರೋನಾ ವೈರಸ್ಸು ದೇಹವನ್ನು ಹೊಗುವ ಬಾಗಿಲಾದ ಎ.ಸಿ.ಇ.-೨ ಎಂಬ ಪದಾರ್ಥವು ಸಣ್ಣ ಕರುಳಿನ ಒಳಪದರದಲ್ಲಿ ಹೇರಳವಾಗಿದೆ. ಮೂಗು ಗಂಟಲುಗಳಲ್ಲಿ ವೈರಸ್ಸಿನ ಕುರುಹು ಅಳಿದ ಮೇಲೆಯೂ ನೂರರಲ್ಲಿ ಸುಮಾರು ಹನ್ನೆರಡು ಹದಿಮೂರು ಮಂದಿಯ ಮಲದಲ್ಲಿ ನಾಲ್ಕು ತಿಂಗಳಾದ ಮೇಲೂ ಅದು ಸಿಕ್ಕಿತೆಂದು ೨೦೨೨ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನವರು ಬರೆದರು. ಅದೇ ವರ್ಷ ಹಾಂಕಾಂಗಿನ ವೈದ್ಯರು ೧೦೬ ರೋಗಿಗಳನ್ನು ಆರು ತಿಂಗಳವರೆಗೆ ಅನುಸರಿಸಿ ನೋಡಿದ ಫಲವು ಪ್ರಕಟವಾಯಿತು. ಅವರಲ್ಲಿ ನೂರಕ್ಕೆ ೭೬ ಮಂದಿಗೆ ಆರು ತಿಂಗಳಲ್ಲಿಯೂ ಏನಾದರೊಂದು ಬಾಧೆ ಉಳಿದಿತ್ತು: ಆಯಾಸ, ಮರೆವು, ಕೂದಲುದುರುವುದು. ಪೂರ್ಣವಾಗಿ ಗುಣವಾದವರ ಕರುಳಿನ ಜೀವಿಗಳು ರೋಗ ತಗಲದವರವನ್ನೇ ಹೋಲುತ್ತಿದ್ದುವು. ಬಾಧೆ ಉಳಿದವರಲ್ಲಿ ಬ್ಯುಟಿರಿಕ್ ಆಮ್ಲವನ್ನು ಮಾಡುವ ಜೀವಿಗಳೂ, ಟಿಸ್ಸಿಯೇ ಕಂಡಿದ್ದ ಬಿಫಿಡೋ ಕುಲದ ಕೆಲವು ಜೀವಿಗಳೂ ಕ್ಷೀಣವಾಗಿದ್ದುವು. ಜಗಲಿಯಲ್ಲಿ ಕುಳಿತವನ ದೂರಿಗೆ ಸಾಕ್ಷಿಯು ಕಡೆಗೂ ದೊರಕಿತು. ದೊರಕಿದುದು ಎದೆಯ ಚಿತ್ರದಲ್ಲಿ ಅಲ್ಲ, ಮಲದಲ್ಲಿ.

ಆದರೂ ಇದು ಜೊತೆಯಲ್ಲಿ ಕಂಡುದಷ್ಟೆ. ಕಾರಣವೆಂದು ಹೇಳಲಿಕ್ಕೆ ಸಾಲದು. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಇರುವ ಸಂಬಂಧವನ್ನು ತರ್ಕಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಮಲಗಿದವನು ಊಟ ಬಿಟ್ಟುದರಿಂದ ಜೀವಿಗಳು ಕುಂದಿರಬಹುದು, ಪ್ರತಿಜೀವಕಗಳಿಂದಲೂ ಕುಂದಿರಬಹುದು. ೨೦೨೦-೨೧ರಲ್ಲಿ ಅಜಿತ್ರೋಮೈಸಿನ್ ಮಾತ್ರೆಯನ್ನು ನುಂಗದ ಕೊರೋನಾ ರೋಗಿಯೇ ಅಪೂರ್ವ. ಅದರಿಂದ ಕೊರೋನಾಕ್ಕೆ ಪ್ರಯೋಜನವಿಲ್ಲವೆಂದು ಇಂಗ್ಲೆಂಡಿನ ದೊಡ್ಡ ಪ್ರಯೋಗವು ತೋರಿಸಿಕೊಟ್ಟಿತು. ವೈರಸ್ಸನ್ನು ಕೊಲ್ಲದ ಮದ್ದು ಕರುಳಿನ ನಿವಾಸಿಗಳನ್ನಂತೂ ಬಿಟ್ಟಿರಲಾರದು. ಆದಕಾರಣ ಹಾಂಕಾಂಗಿನವರು ೪೬೩ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಮೂರು ಬಗೆಯ ಬಿಫಿಡೋ ಜೀವಿಗಳನ್ನೂ ಅವುಗಳ ಆಹಾರವನ್ನೂ, ಇನ್ನೊಂದಕ್ಕೆ ಹುಸಿಮದ್ದನ್ನೂ ಆರು ತಿಂಗಳು ಕೊಟ್ಟರು. ೨೦೨೪ರ ವೈದ್ಯಪತ್ರಿಕೆಯಲ್ಲಿ ಅಚ್ಚಾದ ಫಲದಂತೆ ಮೊದಲನೆಯ ಪಂಗಡದಲ್ಲಿ ಆಯಾಸ, ಮರೆವು, ಮನಸ್ಸು ನಿಲ್ಲದಿರುವಿಕೆ, ಹೊಟ್ಟೆಯ ತೊಂದರೆಗಳು ಹೆಚ್ಚು ಮಂದಿಗೆ ತಗ್ಗಿದುವು. ಎಲ್ಲರಿಗೂ ತಗ್ಗಲಿಲ್ಲ. ಮರೆವಿನ ಕಾರಣವನ್ನು ಹುಡುಕಿದ ಪೆನ್ಸಿಲ್ವೇನಿಯದ ಪಂಡಿತರು ೨೦೨೩ರಲ್ಲಿ ಬೇರೊಂದು ಎಳೆಯನ್ನು ಹಿಡಿದರು: ಕರುಳಿನಲ್ಲಿ ಉಳಿದ ವೈರಸ್ಸಿನ ಅಂಶವು ಉರಿಯನ್ನು ಹುಟ್ಟಿಸಿ, ಟ್ರಿಪ್ಟೋಫಾನ್ ಎಂಬ ಅನ್ನಸಾರವು ರಕ್ತಕ್ಕೆ ಸೇರದಂತೆ ಮಾಡಿ, ಅದರಿಂದ ಆಗಬೇಕಾದ ಸೆರೊಟೋನಿನ್ ಕಡಿಮೆಯಾಗಿ, ಕರುಳಿನಿಂದ ಮಿದುಳಿಗೆ ಹೋಗುವ ನರವು ಮಂದವಾಗುತ್ತದೆ. ಅಗ್ನಿಮಾಂದ್ಯದಿಂದ ಬುದ್ಧಿಮಾಂದ್ಯವೆಂದರೆ ಈಗ ಯಾರೂ ನಗಲಾರರು.

ಇಷ್ಟನ್ನು ತಿಳಿದು ಕುಂದಾಪುರದ ಅಡಿಗೆಮನೆಗೆ ಬರೋಣ. ಜ್ವರ ಬಿಟ್ಟವನಿಗೆ ಇಲ್ಲಿ ಕೊಡುತ್ತಿದ್ದುದು ಕುಚ್ಚಲಕ್ಕಿಯ ತಿಳಿಗಂಜಿ, ಒಂದು ಚೂರು ಹಳೆಯ ಉಪ್ಪಿನಕಾಯಿ, ಹಸಿವು ಬಂದ ಮೇಲೆ ತಂಬುಳಿ. ಬೆಂದ ಅಕ್ಕಿಯು ಆರಿದಾಗ ಅದರ ಪಿಷ್ಟದ ಒಂದು ಭಾಗವು ಗಟ್ಟಿಕಟ್ಟಿ, ಸಣ್ಣ ಕರುಳಿನಲ್ಲಿ ಅರಗದೆ ಕೆಳಗಿನ ಜೀವಿಗಳ ಪಾಲಿಗೆ ಹೋಗುತ್ತದೆ. ರಾತ್ರಿ ನೀರು ಹಾಕಿಟ್ಟ ಅನ್ನದಲ್ಲಿ ಬೆಳಗಾಗುವಾಗ ಹುಳಿಯ ಜೀವಿಗಳೂ ಬೆಳೆದಿರುತ್ತವೆ. ತಂಬುಳಿಯನ್ನು ಕುದಿಸುವ ಪದ್ಧತಿಯಿಲ್ಲ; ಒಂದೆಲಗವನ್ನೋ ಶುಂಠಿಯನ್ನೋ ದಾಳಿಂಬೆಯ ಸಿಪ್ಪೆಯನ್ನೋ ತೆಂಗಿನಕಾಯಿಯೊಡನೆ ಅರೆದು ಮಜ್ಜಿಗೆಗೆ ಕೂಡಿಸುವರು; ಆದಕಾರಣ ಮಜ್ಜಿಗೆಯ ಜೀವಿಗಳು ಜೀವಂತವಾಗಿಯೇ ಒಳಕ್ಕೆ ಹೋಗುತ್ತವೆ. ಹೊಟ್ಟೆ ಕೆಟ್ಟಾಗ ಮಾಡುವ ಕೊಡಸಿಗೆ ಹೂವಿನ ತಂಬುಳಿಯನ್ನು ಮರೆಯಬಾರದು. ಕೊಡಸಿಗೆಯೆಂದರೆ ಸಂಸ್ಕೃತದ ಕುಟಜ. ಅತಿಸಾರಕ್ಕೆ ಚರಕನಿಂದ ಹಿಡಿದು ಇಂದಿನ ಕುಟಜಾರಿಷ್ಟದವರೆಗೆ ಹೆಸರಾದ ಗಿಡ. ಕೊಲ್ಲೂರಿನ ಮೇಲೆ ಎದ್ದು ನಿಂತಿರುವ ಕೊಡಚಾದ್ರಿಯು ಈ ಗಿಡದಿಂದಲೇ ಕುಟಜಾದ್ರಿಯೆನಿಸಿತು. ಅದರ ತಪ್ಪಲಿನ ಮೂಕಾಂಬಿಕೆಯ ಗುಡಿಯಲ್ಲಿ ರಾತ್ರಿಯ ಪೂಜೆಯ ತರುವಾಯ ಕಷಾಯವೇ ತೀರ್ಥ. ಶಂಕರಾಚಾರ್ಯರು ಅಸ್ವಸ್ಥರಾದಾಗ ದೇವಿಯೇ ಕಷಾಯವನ್ನು ಕೊಟ್ಟಳೆಂಬುದು ಐತಿಹ್ಯ.

ಹುಳಿಯಿಸುವ ವಿದ್ಯೆಯು ಕನ್ನಡನಾಡಿಗೆ ಹೊಸದಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ೧೦೨೫ರ ಸುಮಾರಿಗೆ ಚಾವುಂಡರಾಯನು ರಚಿಸಿದ ಲೋಕೋಪಕಾರವು ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸುವ ಕ್ರಮವನ್ನು ತಿಳಿಸುತ್ತದೆ. ಈಗಿನ ಬ್ರಹ್ಮಾವರ ತಾಲೂಕಿನ ಪಾರಂಪಳ್ಳಿಯ ಮಯ್ಯ ಸಹೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲು ಇಡ್ಲಿಯಿಂದ ಕೀರ್ತಿ ಪಡೆದುದನ್ನು ಎಲ್ಲರೂ ಬಲ್ಲರು. ಆದರೆ ಇಡ್ಲಿಯ ಹಿಟ್ಟನ್ನು ಉಬ್ಬಿಸಿದ ಜೀವಿಗಳು ಹಬೆಯಲ್ಲಿ ಸಾಯುತ್ತವೆ. ಅವು ಹಿಟ್ಟನ್ನು ಅರ್ಧ ಅರಗಿಸಿ ಕೊಟ್ಟಿರುತ್ತವೆಂಬುದೇ ಲಾಭ. ಮಜ್ಜಿಗೆಯ ಜೀವಿಗಳೂ ಕರುಳಿನಲ್ಲಿ ನೆಲಸುವುದಿಲ್ಲ. ಅತಿಥಿಗಳಂತೆ ಬಂದು ಎರಡು ದಿನವಿದ್ದು ಹೋಗುತ್ತವೆ. ನೆಲಸತಕ್ಕ ಮನೆಯವರು ಯಾವ ಮೊಸರಿನಲ್ಲಿಯೂ ಸಿಕ್ಕರು. ಗಾಳಿಗೆ ಸಾಯುವ ಅವರನ್ನು ನಾರು, ತೌಡು, ಸೊಪ್ಪು, ಬೇಳೆಗಳನ್ನು ಕೊಟ್ಟು ಒಳಗೇ ಬೆಳೆಸಬೇಕು. ಹೀಗಿರಲು ತಂಬುಳಿಯಿಂದ ಕೊರೋನೋತ್ತರ ಬಾಧೆಯು ನಿವಾರಣೆಯಾಗುವುದೆಂದು ಸಾರುವವರಿಗೆ ಆಧಾರವಿಲ್ಲ. ಅಂಗಡಿಗಳಲ್ಲಿ ಬಣ್ಣದ ಡಬ್ಬಿಗಳಲ್ಲಿ ಮಾರುವ ಜೀವಿಗಳ ಪುಡಿಗಳಿಗೂ ಇದೇ ಮಾತು ಸಲ್ಲುತ್ತದೆ. ಹಾಂಕಾಂಗಿನಲ್ಲಿ ಪರೀಕ್ಷೆಗೊಳಗಾದುದು ನಿರ್ದಿಷ್ಟವಾದ ಮೂರು ತಳಿಗಳು, ಡಬ್ಬಿಯಲ್ಲಿರುವುದೆಲ್ಲ ಅವಲ್ಲ. ಮೂರು ತಿಂಗಳಾದರೂ ತ್ರಾಣ ಬಾರದವನನ್ನು ವೈದ್ಯರಿಗೆ ತೋರಿಸದೆ ಗಂಜಿಯನ್ನೇ ನಂಬಿ ಕುಳಿತರೆ, ಹೃದಯದ ಅಥವಾ ರಕ್ತಹೀನತೆಯ ಬೇರೊಂದು ದೋಷವು ಮರೆಯಾಗಿ ಉಳಿಯಬಹುದು.

೨೦೨೦ರ ಅಕ್ಟೋಬರ್ ೫ರಿಂದ ಮಹಾರಾಷ್ಟ್ರದ ಹೋಟೆಲುಗಳಲ್ಲಿ ಅರ್ಧ ಸಂಖ್ಯೆಯ ಗಿರಾಕಿಗಳನ್ನು ಕೂರಿಸಲಿಕ್ಕೆ ಅಪ್ಪಣೆಯಾಯಿತು. ಮೈಯಲ್ಲಿ ತ್ರಾಣವಿದ್ದವರು ತಿರುಗಿ ಹೊರಟರು. ೨೦೨೩ರ ಮೇ ೫ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತುಸ್ಥಿತಿಯು ಮುಗಿಯಿತೆಂದು ಘೋಷಿಸಿತು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಿಂದ 'ಸಹ್ಯಾದ್ರಿ ಕೆಂಪುಮುಕ್ತಿ' ಎಂಬ ಕೆಂಪಕ್ಕಿಯ ತಳಿಯು ರೈತರ ಗದ್ದೆಗಳಿಗೆ ಬಂದಿದೆ. ಅದರ ಕೆಂಪು ಇರುವುದು ತೌಡಿನ ಪದರದಲ್ಲಿ. ಗಿರಣಿಯಲ್ಲಿ ಎರಡು ಸುತ್ತು ಹೆಚ್ಚಾಗಿ ತಿರುಗಿಸಿದರೆ ಅಕ್ಕಿಯು ಬೆಳ್ಳಗಾಗುತ್ತದೆ, ತೌಡು ಹಟ್ಟಿಯ ಹಸುವಿಗೆ ಹೋಗುತ್ತದೆ.